ಗುಡಿಯ ಹೊರಗಿನ ಅಕ್ಕೋರು

ಕೊಡ್ಡಿಹಾಳದಲ್ಲಿ ಶೇವಂತಿ ನಿಂತೇ ಪಾಠ ಹೇಳಿದಳು. ಕೂತು ಹೇಳಿದ್ದು ಒಂದು ದಿನವೂ ಇಲ್ಲ. ನಿಂತದ್ದೂ ಬಿಸಿಲಿನಲ್ಲಿ. ಮಕ್ಕಳು ಒಳಗೆ ನೆರಳಿನಲ್ಲಿ, ಅವರ ಅಕ್ಕೋರು ಹೊರಗೆ ಬಯಲಿನಲ್ಲಿ.

ಗಲಗಲಿಯಿಂದ ಹೊಳೆಯ ದಂಡೆ ಹಿಡಿದು ನಡೆದರೆ ಸಿಗುವ ಊರು ಅದು. ಶಾಲೆಗೆಂದು ಕಟ್ಟಡ ಇರಲಿಲ್ಲ. ಹಣಮಂತ ದೇವರ ಗುಡಿಯೇ ಶಾಲೆ. ಕಂಬಗಳ ನಡುವಿನ ಪಡಸಾಲೆಯಲ್ಲಿ ಮಕ್ಕಳು ಕೂಡುತ್ತಿದ್ದರು. ಗೋಡೆಗೆ ಒಂದು ಕರಿಹಲಗೆ, ಮೂಲೆಯಲ್ಲಿ ಕುಡಿಯುವ ನೀರಿನ ಹರವಿ, ಮಾಸ್ತರಿಗೆ ಒಂದು ಕುರ್ಚಿ. ಜಮಖಂಡಿ, ಮುಧೋಳದ ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ಹೆಣ್ಣುಮಕ್ಕಳೂ ಶಾಲೆಗೆ ಬರಲಿ ಎಂದು ಸರಕಾರ ಈ ಊರಿಗೆ ಒಬ್ಬ ಅಕ್ಕೋರನ್ನು ಕೊಟ್ಟಿತು. ಊರು ಸಂತೋಷಪಟ್ಟಿತು. ಬರುವವಳು ಜಮಖಂಡಿಯ ಹೊಲಗೇರಿಯ ತಾರವ್ವನ ಮಗಳು ಎಂಬುದು ಊರಿಗೆ ಗೊತ್ತಿರಲಿಲ್ಲ.

ಮೊದಲ ದಿನ ಮಾಸ್ತರ ಮಲಕಾಜಪ್ಪ ಊರ ಅಗಸಿಬಾಗಿಲವರೆಗೂ ಬಂದು ಕರೆದುಕೊಂಡ. ಅವಳ ಟ್ರಂಕನ್ನು ತಾನೇ ಎತ್ತಿಕೊಂಡ. ಧಾರವಾಡದಲ್ಲಿ ಟ್ರೇನಿಂಗ್ ಹೇಗಿತ್ತು, ಊಟ ಹೇಗಿತ್ತು ಎಂದು ಕೇಳುತ್ತ ಬಂದ. ಗುಡಿ ಹತ್ತಿರ ಬಂದಾಗ ಅದನ್ನೂ ಕೇಳಿದ.

"ಯಾರ ಪೈಕಿ ಆದ್ರಿ ಅಕ್ಕೋರ ನೀವು?"

ಶೇವಂತಿ ಹೇಳಿದಳು. ಮುಚ್ಚಿಡಲಿಲ್ಲ.

ಮಲಕಾಜಪ್ಪ ಟ್ರಂಕನ್ನು ನೆಲಕ್ಕಿಟ್ಟ. ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಅವಳ ಒಂದು ಕಾಲು ಆಗಲೇ ಗುಡಿಯ ಮೆಟ್ಟಿಲ ಮೇಲಿತ್ತು. ಪಕ್ಕದ ಅರಳಿಕಟ್ಟೆಯ ಮೇಲೆ ಊರ ಗೌಡ ಕೂತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು.

"ಲೇ ಹುಡುಗಿ, ಕಾಲ ತಗಿ."

ಅವಳು ಕಾಲು ತೆಗೆದಳು.

"ಸರಕಾರ ಕಳಿಸೈತಿ. ನಾವೇನ ಬ್ಯಾಡ ಅನ್ನೂದಿಲ್ಲ. ಕಲಸು. ಆದರ ಅಲ್ಲಿಂದ ಕಲಸು." ಗೌಡ ಗುಡಿಯ ಮುಂದಿನ ಬಯಲು ತೋರಿಸಿದ.

"ಅಷ್ಟ ದೂರದಿಂದ ಹ್ಯಾಂಗ್ರಿ ಗೌಡ್ರ?"

"ಯಾಕ, ದನಿ ಇಲ್ಲೇನ ನಿನಗ?"

ಕಟ್ಟೆಯ ಮೇಲಿದ್ದವರು ನಕ್ಕರು. ಮಲಕಾಜಪ್ಪ ನಗಲಿಲ್ಲ. ಅಂದಿನಿಂದ ಅವನು ಅವಳನ್ನು ಅಕ್ಕೋರ ಎನ್ನಲಿಲ್ಲ. ಶೇವಂತಿ ಎಂದ.

ಗುಡಿಗಳು ಎಲ್ಲರಿಗೂ ತೆರೆದಿರಬೇಕು ಎಂದು ಸರಕಾರ ಕಾಯ್ದೆ ಮಾಡಿತ್ತು. ಶೇವಂತಿಗೆ ಗೊತ್ತಿತ್ತು. ಗೌಡನಿಗೂ ಗೊತ್ತಿತ್ತು. ಆದರೆ ಅವಳಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಕೆಲಸ ಹೊಸದು. ನಾಲ್ಕು ದಿನ ಹೀಗೇ ನಡೆಯಲಿ, ನನ್ನ ಪಾಠ ನೋಡಿದ ಮೇಲೆ ಇವರೇ ಒಳಗೆ ಕರೆಯುತ್ತಾರೆ ಎಂದುಕೊಂಡಳು. ಬಯಲಿಗೆ ಹೋಗಿ ನಿಂತಳು.

ಯಾರೂ ಕರೆಯಲಿಲ್ಲ. ಮಳೆಗಾಲ ಬಂತು, ಹೋಯಿತು. ಬಿಸಿಲುಗಾಲ ಬಂತು. ಮತ್ತೆ ಮಳೆ. ಅವಳು ಅಲ್ಲೇ ನಿಂತಿದ್ದಳು.

ಅಕ್ಷರ ಕಲಿಯುವ ಬಿಗರಿ, ಒಂದನೆಯ ಮತ್ತು ಎರಡನೆಯ ಇಯತ್ತೆಯ ಮಕ್ಕಳು ಅವಳವು. ದೊಡ್ಡ ಮಕ್ಕಳಿಗೆ ಮಲಕಾಜಪ್ಪ ಕುರ್ಚಿಯ ಮೇಲೆ ಕೂತು ಕಲಿಸುತ್ತಿದ್ದ. ಅವನ ದನಿಯ ಮೇಲೆ ತನ್ನ ದನಿ ಏರಿಸಿ, ಕಂಬಗಳನ್ನು ದಾಟಿಸಿ, ಗೋಡೆಯ ಹತ್ತಿರ ಕೂತ ಕೊನೆಯ ಕೂಸಿಗೆ ಮುಟ್ಟುವಂತೆ ಅವಳು ಕೂಗಬೇಕು. ಸಂಜೆಗೆ ಗಂಟಲು ಹರಿದಂತಾಗುತ್ತಿತ್ತು. ಉಗುಳಿದರೆ ಕೆಂಪು. ದೇವರ ಎದುರು ಚಪ್ಪಲಿ ಕೂಡದು. ಅಂಗಾಲು ಸುಟ್ಟು, ಒಡೆದು, ಸುಟ್ಟು, ಕೊನೆಗೆ ಅಲ್ಲಿ ಏನೂ ತಿಳಿಯದಂತಾಯಿತು. ಜಮಖಂಡಿಯ ಪೇಟೆಯಿಂದ ಒಂದು ಕೊಡೆ ತಂದಳು. ದೇವರ ಮುಂದೆ ಕೊಡೆ ಬಿಚ್ಚುವಷ್ಟು ದೊಡ್ಡಾಕಿ ಆದೆಯೇನು ಎಂದು ಗೌಡ ಅದನ್ನು ನೆಲಕ್ಕೆ ಹಾಕಿಸಿ ಮುರಿಸಿದ. ಅರಳಿಮರದ ನೆರಳು ಕಟ್ಟೆಯ ಮೇಲೆ ಬೀಳುತ್ತಿತ್ತು. ಕಟ್ಟೆಯ ಮೇಲೆ ನಾಗರಕಲ್ಲು ಇದ್ದವು. ಹಾಗಾಗಿ ನೆರಳೂ ಅವಳದಲ್ಲ. ಮುಟ್ಟಾದ ದಿನ ಹೊಟ್ಟೆ ಹಿಡಿದುಕೊಂಡು ನಿಂತಳು. ಬಟ್ಟೆ ತೊಯ್ದರೂ ನಿಂತಳು. ಎದುರಿಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುವ ಗಂಡಸರು.

ಮಕ್ಕಳ ಪಾಟಿ ತಿದ್ದಬೇಕಾದರೆ ಅವರು ತಂದು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದರು. ಅವಳು ತಿದ್ದಿ ಇಟ್ಟು ಹಿಂದೆ ಸರಿಯುತ್ತಿದ್ದಳು. ಆಮೇಲೆ ಅವರು ಪಾಟಿಯ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳಬೇಕು. ನೀರು ಬಿದ್ದ ಕೂಡಲೇ ಅವಳು ತಿದ್ದಿದ ಅಕ್ಷರ ಅಳಿಸಿ ಹೋಗುತ್ತಿತ್ತು. ಎಷ್ಟು ಸಲ ತಿದ್ದಿದರೂ ಅಷ್ಟು ಸಲ. ಒಂದು ದಿನ ಅವಳು ತಿದ್ದುವುದನ್ನೇ ಬಿಟ್ಟಳು. ಅವತ್ತಿನಿಂದ ಮಾಯವ್ವನೇ ಅವಳ ಕೈ.

ಮಾಯವ್ವ ಕುರುಬರ ಹಾಲಸಿದ್ದಪ್ಪನ ಮಗಳು. ಆ ಶಾಲೆಗೆ ಬಂದ ಒಂದೇ ಹೆಣ್ಣುಕೂಸು. ಹೊಲ್ಯಾರ ಅಕ್ಕೋರ ಹತ್ತಿರ ಬೇರೆ ಯಾರೂ ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಹಾಲಸಿದ್ದಪ್ಪ ಮಾತ್ರ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಯಲಿಗೇ ಬಂದಿದ್ದ.

"ಕುರಿ ಎಣಸಾಕ ನನಗ ಬರತೈತ್ರಿ ಅಕ್ಕೋರ. ಬರಿಯಾಕ ಬರೂದಿಲ್ಲ. ಇಕಿ ಬರಿಯಾಕ ಕಲೀಲಿ."

ಶೇವಂತಿ ಹೊರಗಿನಿಂದ ಹೇಳಿದ್ದನ್ನು ಮಾಯವ್ವ ಹಲಗೆಯ ಮೇಲೆ ಬರೆಯುತ್ತಿದ್ದಳು. "ಮಾಯವ್ವಾ, ಮೊದಲ ಒಂದ ಸೊನ್ನಿ. ಅದರ ತಲಿ ಮ್ಯಾಲ ಕೊಕ್ಕಿ. ಹಾಂ. ಇನ್ನ ಬಾಲಾ ಎಳಿ. ಹಿಂಬದಿಗೆ ಅಲ್ಲವ್ವಾ, ಮುಂದಕ." ಹೀಗೆ ಒಂದೊಂದು ಅಕ್ಷರವನ್ನೂ ಮಾತಿನಲ್ಲಿ ಕಟ್ಟಿ ಒಳಗೆ ಕಳಿಸುತ್ತಿದ್ದಳು. ಕೂಸಿನ ಕೈ ಹಿಡಿದು ತಿದ್ದಿಸಿದರೆ ಒಂದು ಗಳಿಗೆಯ ಕೆಲಸ. ಅದಕ್ಕೆ ವಾರ ಹಿಡಿಯುತ್ತಿತ್ತು. ಒಂದೊಂದು ಸಲ ಅವಳ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಬರೆಯುತ್ತಿದ್ದವು. ಕಟ್ಟೆಯ ಮೇಲಿನವರು ಅದನ್ನು ನೋಡಿ, ಹುಚ್ಚು ಹಿಡೀತು ನೋಡು ಇಕಿಗೆ ಎಂದರು.

ಶೇವಂತಿ ಇದ್ದದ್ದು ಊರಾಚೆಯ ಕೇರಿಯಲ್ಲಿ, ಯಲ್ಲವ್ವನ ಗುಡಿಸಿಲಿನ ಒಂದು ಪಕ್ಕದಲ್ಲಿ. ಯಲ್ಲವ್ವ ಗೌಡನ ಹೊಲಕ್ಕೆ ಹೋಗುವವಳು. ಗಂಡ ಇಲ್ಲ, ಮಕ್ಕಳಿಲ್ಲ. ಮಾತು ಕಡಿಮೆ. ದಿನಾ ಸಂಜೆ ಶೇವಂತಿಯ ಅಂಗಾಲಿಗೆ ಕುಸುಬಿ ಎಣ್ಣೆ ತಿಕ್ಕುತ್ತಿದ್ದಳು. ಯಾಕೆ ಏನು ಎಂದು ಕೇಳುತ್ತಿರಲಿಲ್ಲ.

ದೀಪಾವಳಿಗೆ ಜಮಖಂಡಿಗೆ ಹೋದಾಗ ಶೇವಂತಿ ತಾಯಿಗೆ ಸುಳ್ಳು ಹೇಳಿದಳು.

ತಾರವ್ವ ಸಂಸ್ಥಾನದ ಕಾಲದಲ್ಲಿ ಕುದುರೆ ಲಾಯದಲ್ಲಿ ಲದ್ದಿ ಹೊತ್ತವಳು. ಆಮೇಲೆ ಪೇಟೆಯ ಕಸ ಗುಡಿಸಿದವಳು. ಗಂಡ ಸತ್ತ ಮೇಲೆ, ಮಗಳ ತಲೆಯ ಮೇಲೆ ಬುಟ್ಟಿ ಹೊರಿಸುವುದಿಲ್ಲ ಎಂದು ಹಟ ಹಿಡಿದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿಸಿದವಳು. ಮಗಳು ಹೊಸ್ತಿಲು ತುಳಿದ ಕೂಡಲೇ ಕೇಳಿದ್ದು ಅದನ್ನೇ.

"ಕುರ್ಚಿ ಮ್ಯಾಲ ಕುಂದರ್ತಿಯೇನ?"

"ಹೂನಬೇ ಯವ್ವಾ, ಕುಂದರ್ತೇನಿ."

"ಗೌಡರ ಮಕ್ಕಳೂ ನಿನ್ನ ಮುಂದ ನೆಲದ ಮ್ಯಾಲ ಕುಂದರ್ತಾವೇನ?"

"ಕುಂದರ್ತಾವ."

ತಾರವ್ವ ಕೇರಿಯ ಮನೆಮನೆಗೆ ಹೋಗಿ ಹೇಳಿ ಬಂದಳು. ಯಾರೂ ಕೇಳದಿದ್ದರೂ ಹೇಳಿದಳು. ಶೇವಂತಿ ಒಳಗೆ ಕೂತು, ತಾಯಿಯ ದನಿ ಓಣಿಯ ತುದಿಯವರೆಗೆ ಹೋಗುವುದನ್ನು ಕೇಳಿದಳು.

ಎರಡನೆಯ ವರ್ಷ ಶಿವರಾತ್ರಿ ಮುಗಿದ ಮೇಲೆ ತಾರವ್ವ ಹೇಳದೆ ಕೇಳದೆ ಬಂದುಬಿಟ್ಟಳು. ಗಲಗಲಿಯವರೆಗೆ ಮೋಟಾರು, ಅಲ್ಲಿಂದ ನಡಿಗೆ. ಕಂಕುಳಲ್ಲಿ ಗಂಟು. ಗಂಟಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಒಂದು ಹೆಂಟೆ ಬೆಲ್ಲ. ಕೇರಿಗೆ ಹೋಗಲಿಲ್ಲ. ಸಾಲಿ ಎಲ್ಲೈತಿ ಎಂದು ಕೇಳಿಕೊಂಡು ನೇರ ಅಲ್ಲಿಗೇ ಬಂದಳು. ಮಗಳು ಕುರ್ಚಿಯ ಮೇಲೆ ಕೂತದ್ದನ್ನು ನೋಡಬೇಕಿತ್ತು ಅವಳಿಗೆ.

ಮಧ್ಯಾಹ್ನ. ಶೇವಂತಿ ಗುಡಿಯ ಕಡೆ ಮುಖ ಮಾಡಿ ಮಗ್ಗಿ ಹೇಳಿಸುತ್ತಿದ್ದಳು. ಕಣ್ಣಿಗೆ ಬೆವರು ಇಳಿದು ಒಳಗಿನ ಮಕ್ಕಳು ಕಾಣುತ್ತಿರಲಿಲ್ಲ. ಒಮ್ಮೆಲೇ ಅವಳ ಮುಂದೆ ನೆಲದ ಮೇಲೆ ನೆರಳು ಬಿತ್ತು. ತಲೆಯ ಮೇಲಿನ ಉರಿ ಇಳಿಯಿತು. ಮೋಡ ಎಂದುಕೊಂಡಳು. ತಿರುಗಿ ನೋಡಿದರೆ ತಾಯಿ.

ತಾರವ್ವ ಗಂಟನ್ನು ನೆಲಕ್ಕಿಟ್ಟಿದ್ದಳು. ತನ್ನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಕೈ ಮೇಲೆತ್ತಿ, ಮಗಳ ತಲೆಯ ಮೇಲೆ ಹರಡಿ ನಿಂತಿದ್ದಳು. ಅವಳು ಮಗಳಿಗಿಂತ ಗಿಡ್ಡ. ತುದಿಗಾಲಿನ ಮೇಲೆ ನಿಂತಿದ್ದಳು. ಅವಳ ಬರಿತಲೆಯ ಮೇಲೆ ಬಿಸಿಲು ಹೊಯ್ಯುತ್ತಿತ್ತು.

"ಯವ್ವಾ..."

"ಈ ಕಡೆ ತಿರಗಬ್ಯಾಡ. ಹುಡುಗೂರು ನೋಡಾಕತ್ತಾವ. ಕಲಸು."

ಶೇವಂತಿ ತಿರುಗಿದಳು. ಮಗ್ಗಿ ಎಲ್ಲಿಗೆ ನಿಂತಿತ್ತೋ ಮರೆತಿತ್ತು. ಒಳಗಿನಿಂದ ಮಾಯವ್ವ ನೆನಪು ಮಾಡಿದಳು. ಶಾಲೆ ಬಿಡುವವರೆಗೂ ತಾರವ್ವ ಕೈ ಇಳಿಸಲಿಲ್ಲ. ಕಟ್ಟೆಯ ಮೇಲೆ ನಗು ಎದ್ದಿತು. ಆ ನಗು ಕಿವಿಗೆ ಬಡಿಯುತ್ತಿದ್ದರೂ ತಾಯಿ ಮಗಳು ಇಬ್ಬರೂ ಆ ಕಡೆ ನೋಡಲಿಲ್ಲ.

ಸಂಜೆ ಯಲ್ಲವ್ವನ ಗುಡಿಸಿಲಿನ ಮುಂದೆ ಕೂತಾಗ ಶೇವಂತಿ ಅತ್ತಳು.

"ನಾ ನಿನಗ ಸುಳ್ಳ ಹೇಳಿದ್ನೆವ್ವಾ."

ತಾರವ್ವ ಬೈಯಲಿಲ್ಲ. ಅಳಲಿಲ್ಲ. ಬೆಲ್ಲ ಒಡೆದು ಮಗಳ ಬಾಯಿಗಿಟ್ಟಳು. "ದನಿ ಒಡದೈತಿ ನಿಂದು. ತಿನ್ನು." ಉಳಿದ ಬೆಲ್ಲ ಗಂಟಿಗೆ ಕಟ್ಟುತ್ತ ಅಂದಳು. "ಅಲ್ಲೇ ಬೇಲಿ ಹತ್ತರ ಒಂದ ಕಲ್ಲ ನೋಡೇನಿ. ಅದರ ಮ್ಯಾಲ ನಿಂತ್ರ ನಿನ್ನ ತಲಿ ನಿಲಕತೈತಿ ನನಗ. ನಾಳೆ ಅದನ್ನ ಉಳ್ಳಿಸಿ ತರೂಣು."

"ನಾಳೆ ನೀ ಊರಿಗೆ ಹೋಗು."

"ಬ್ಯಾಸಗಿ ಮುಂಜಾನಿ ಸಾಲಿ ಚಾಲೂ ಆಗೂ ಮಟಾ ಇರ್ತೇನಿ. ಆಮ್ಯಾಲ ಇಷ್ಟ ಬಿಸಲಿರೂದಿಲ್ಲ. ನಾ ನೆರಳ ಹಿಡಿತೇನಿ, ನೀ ಕಲಸು. ಲದ್ದಿ ಹೊತ್ತ ಕೈ ಇವು. ಸೆರಗೇನ ಭಾರ?"

ಆ ಮಾತಿಗೆ ಶೇವಂತಿಯ ಎದೆ ಒಡೆಯಿತು. ತಾಯಿ ಕೂಗಾಡಿದ್ದರೆ, ಗೌಡನಿಗೆ ಶಾಪ ಹಾಕಿದ್ದರೆ, ಬಾ ಮನೆಗೆ ಹೋಗೋಣ ಎಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ತಾಯಿ ಹಾಗೇನೂ ಮಾಡಲಿಲ್ಲ. ಇದನ್ನೂ ಒಂದು ಕೆಲಸ ಎಂದು ತಿಳಿದು ಸೆರಗು ಬಿಗಿದು ನಿಂತಳು. ಮರುದಿನ ಇಬ್ಬರೂ ಕಲ್ಲು ಉರುಳಿಸಿ ತಂದರು. ತಾರವ್ವ ಕಲ್ಲಿನ ಮೇಲೆ ನಿಂತಳು.

ದಿನಾ ಹಾಗೇ ನಡೆಯಿತು. ನಗುವವರಿಗೆ ನಕ್ಕು ಸಾಕಾಯಿತು. ಗೌಡನೂ ಸುಮ್ಮನಾದ. ಒಮ್ಮೆ ಮಲಕಾಜಪ್ಪ ಮೆಟ್ಟಿಲವರೆಗೆ ಬಂದು, "ತಾರವ್ವಾ, ಯಾಕ ಸಾಯ್ತಿ ಬಿಸಲಾಗ?" ಎಂದ. ತಾರವ್ವ ಹಲ್ಲು ಬಿಟ್ಟು ನಕ್ಕಳು. "ನನ್ನ ಮಗಳ ಸಾಲಿ ಕಲಸಾಕತ್ತಾಳ್ರಿ ಮಾಸ್ತರ್ರ." ಆ ಮಾತಿನಲ್ಲಿ ಹೆಮ್ಮೆ ಇತ್ತು. ನಿಜವಾದ ಹೆಮ್ಮೆ. ಅದನ್ನು ಕೇಳಿ ಶೇವಂತಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು.

ಸುತ್ತಲ ಊರುಗಳಲ್ಲಿ ಬೇಸಿಗೆಯ ಮುಂಜಾನೆ ಶಾಲೆ ಶುರುವಾಗಿತ್ತು. ಕೊಡ್ಡಿಹಾಳದಲ್ಲಿ ಆಗಲಿಲ್ಲ. ಶೇವಂತಿ ಎರಡು ಸಲ ಕೇಳಿದಳು. ಯುಗಾದಿ ಆಗಲಿ ನೋಡೋಣ ಎಂದ ಮಲಕಾಜಪ್ಪ. ಅವನು ಇರುವಲ್ಲಿ ತಂಪಿತ್ತು.

ಯುಗಾದಿಯ ಮುಂಚಿನ ಒಂದು ದಿನ, ಹೊಳೆಯ ಕಡೆಯಿಂದ ಒಂದು ಎಲೆ ಅಲುಗಿಸುವ ಗಾಳಿಯೂ ಇರಲಿಲ್ಲ. ಕೇರಿಯಿಂದ ತಂದ ಒಂದು ತಂಬಿಗೆ ನೀರನ್ನು ತಾರವ್ವ ತಾನು ಕುಡಿಯಲಿಲ್ಲ. ಊಟದ ಬಿಡುವಿನಲ್ಲಿ ಒಂದು ಅರಿವೆ ತೋಯಿಸಿ ಮಗಳ ತಲೆಗೆ ಹಾಕಿದಳು. ಉಳಿದದ್ದನ್ನು ಮಗಳ ಕಾಲ ಮೇಲೆ ಸುರಿದಳು. ನೀನು ಕುಡಿದೆಯಾ ಎಂದರೆ ಕುಡಿದೆ ಎಂದಳು. ಸುಳ್ಳು ಹೇಳುವುದು ಅವಳಿಗೂ ಬರುತ್ತಿತ್ತು.

ಶಾಲೆ ಮತ್ತೆ ಕೂಡಿ ಸ್ವಲ್ಪ ಹೊತ್ತಾಗಿತ್ತು. ಶೇವಂತಿಯ ತಲೆಯ ಮೇಲಿನ ನೆರಳು ನಡುಗಿತು. ಆಮೇಲೆ ಸೆರಗು ಅವಳ ಮುಖದ ಮೇಲೆಯೇ ಬಿತ್ತು. ಸೆರಗಿನ ಹಿಂದೆ ತಾಯಿ ಬಿದ್ದಳು. ಕಲ್ಲಿನಿಂದ ಜಾರಿ, ಮಗ್ಗುಲಾಗಿ, ಸದ್ದಿಲ್ಲದೆ.

ಶೇವಂತಿ ಅವಳ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಮೈ ಕಾದ ಹಂಚಾಗಿತ್ತು. ಬೆವರೇ ಇರಲಿಲ್ಲ. ಕಣ್ಣು ಅರ್ಧ ತೆರೆದಿದ್ದವು.

"ಮಾಸ್ತರ್ರ! ನೀರು! ನೀರ ಕೊಡ್ರಿ!"

ಮಲಕಾಜಪ್ಪ ಕುರ್ಚಿಯಿಂದ ಎದ್ದ. ಹರವಿಯ ಕಡೆ ನೋಡಿದ. ಕಟ್ಟೆಯ ಕಡೆ ನೋಡಿದ. ಗೌಡ ಇರಲಿಲ್ಲ, ಆದರೆ ಗೌಡನ ಮಂದಿ ಇದ್ದರು.

"ತಡಿ, ಪೂಜಾರಿನ್ನ ಕೇಳ್ತೇನಿ."

"ನಮ್ಮವ್ವ ಸಾಯಾಕತ್ತಾಳ್ರಿ!"

"ತಡಿ ಅಂದ್ನೆಲ್ಲ. ನನ್ನ ಕೈಯಾಗ ಏನೈತಿ?"

ಮಾಯವ್ವ ಎದ್ದಳು. ಹರವಿಯಲ್ಲಿ ತಂಬಿಗೆ ಅದ್ದಿ ತುಂಬಿಕೊಂಡು ಮೆಟ್ಟಿಲ ಕಡೆ ಓಡಿದಳು. ಮಲಕಾಜಪ್ಪ ಅವಳ ರಟ್ಟೆ ಹಿಡಿದ. "ಗುಡಿ ತಂಬಗಿ ಅದು, ಹುಚ್ಚಿ!" ಕೂಸು ಕೊಸರಾಡಿತು. ತಂಬಿಗೆ ಕೈಜಾರಿ ಉರುಳಿತು. ನೀರು ಗುಡಿಯ ಕಲ್ಲುಹಾಸಿನ ಮೇಲೆ ಹರಿದು, ಅಲ್ಲೇ ಸಂದಿಗಳಲ್ಲಿ ಇಂಗಿತು. ಒಂದು ಹನಿಯೂ ಮೆಟ್ಟಿಲು ಇಳಿಯಲಿಲ್ಲ.

ಶೇವಂತಿ ತಾಯಿಯ ತಲೆಯನ್ನು ನೆಲಕ್ಕಿಟ್ಟಳು. ಎದ್ದಳು. ಮೆಟ್ಟಿಲು ಹತ್ತಿದಳು. ಒಳಗೆ ಹೋದಳು.

ಒಳಗೆ ಇಷ್ಟು ತಂಪು ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಸತ್ತುಹೋದ ಅಂಗಾಲಿಗೂ ಆ ಕಲ್ಲಿನ ತಂಪು ತಿಳಿಯಿತು. ಮಕ್ಕಳು ಗೋಡೆಗೆ ಒತ್ತಿಕೊಂಡರು. ಮಲಕಾಜಪ್ಪ ಎರಡೂ ಕೈ ಮುಂದೆ ಚಾಚಿ, "ಬ್ಯಾಡ ಶೇವಂತಿ, ಬ್ಯಾಡ, ಬ್ಯಾಡ" ಎನ್ನುತ್ತಿದ್ದ. ಮುಟ್ಟಲು ಧೈರ್ಯವಿರಲಿಲ್ಲ ಅವನಿಗೆ. ಅವಳು ತಂಬಿಗೆ ಎತ್ತಿಕೊಂಡು ಹರವಿಯಲ್ಲಿ ಮೊಣಕೈವರೆಗೆ ಅದ್ದಿದಳು. ತುಂಬಿಕೊಂಡು ಹೊರಗೆ ಓಡಿದಳು.

"ಯವ್ವಾ, ಕುಡಿ. ಬಾಯಿ ತಗಿ."

ತಾರವ್ವ ಕಣ್ಣು ತೆರೆದಳು. ಮಗಳನ್ನು ನೋಡಿದಳು. ತಂಬಿಗೆಯನ್ನು ನೋಡಿದಳು. ಹೊಳೆಯುವ ಹಿತ್ತಾಳೆ ತಂಬಿಗೆ.

"ಎಲ್ಲೀದಿದು?"

"ಕುಡೀಬೇ ಮೊದಲ."

"ಒಳಗ ಹೋಗಿದ್ದೇನ?"

ಶೇವಂತಿ ತಂಬಿಗೆಯನ್ನು ಇನ್ನೂ ಹತ್ತಿರ ತಂದಳು. ತಾರವ್ವನ ಕಣ್ಣುಗಳಲ್ಲಿ ಹೆದರಿಕೆ ಬಂತು. ಬಿದ್ದಾಗ ಇಲ್ಲದ ಹೆದರಿಕೆ. ಮಗಳ ಮುಂಗೈ ಹಿಡಿದು ತಂಬಿಗೆಯನ್ನು ದೂರ ನೂಕಿದಳು.

"ಒಯ್ದ ಇಡು ಜಲ್ದಿ. ಕೊಲ್ತಾರ ನಿನ್ನ. ನಾ ಮುಟ್ಟಿಲ್ಲ ಅಂತ ಹೇಳು... ನಾ ಕುಡದಿಲ್ಲ ಅಂತ ಹೇಳು."

"ಯವ್ವಾ, ನಿನ್ನ ಕಾಲ ಹಿಡಿತೇನಿ, ಒಂದ ಗುಟುಕ..."

ತಾರವ್ವ ಬಾಯಿ ಮುಚ್ಚಿದಳು. ಶೇವಂತಿ ತಂಬಿಗೆಯನ್ನು ತುಟಿಗೆ ಒತ್ತಿದಳು. ನೀರು ತುಟಿಯ ಮೇಲಿಂದ ಗದ್ದಕ್ಕೆ, ಗದ್ದದಿಂದ ಕೊರಳಿಗೆ, ಕೊರಳಿನಿಂದ ಮಣ್ಣಿಗೆ ಹೋಯಿತು. ಬೆರಳು ಹಾಕಿ ಬಾಯಿ ಬಿಡಿಸಲು ನೋಡಿದಳು. ಹಲ್ಲು ಕಚ್ಚಿದ್ದವು. ಇದ್ದ ಬಲವನ್ನೆಲ್ಲ ತಾಯಿ ಬಾಯಿ ಮುಚ್ಚಿಕೊಳ್ಳುವುದರಲ್ಲೇ ಇಟ್ಟಿದ್ದಳು. ಕೊನೆಗೆ ಹಲ್ಲು ಸಡಿಲಾದವು. ಬಾಯಿ ತಾನಾಗಿ ತೆರೆಯಿತು. ಶೇವಂತಿ ನೀರು ಹಾಕಿದಳು. ನೀರು ಒಳಗೆ ಇಳಿಯಲಿಲ್ಲ. ಹಾಗೇ ನಿಂತಿತು.

ಅವಳು ಆಗಲೇ ಹೋಗಿದ್ದಳು.

ಕೇರಿಯ ಗಂಡಸರು ಬಂದು ಹೆಣ ಎತ್ತಿಕೊಂಡು ಹೋದರು. ಹೊಳೆಯ ಆಚೆ ಮಗ್ಗುಲಿನ ಕಲ್ಲುಭೂಮಿಯಲ್ಲಿ ಹೂಳಿದರು. ಮಣ್ಣು ಮುಗಿಯುವವರೆಗೆ ಊರು ಕಾಯಿತು. ಅಷ್ಟು ಮರ್ಯಾದೆ ಇಟ್ಟಿತು ಊರು. ಆಮೇಲೆ ಗುಡಿ ತೊಳೆದರು. ಹೊಳೆಯ ನೀರು ತಂದು ತೊಳೆದರು, ಗೋಮೂತ್ರ ಹಾಕಿ ತೊಳೆದರು. ಹರವಿ ಒಡೆದರು. ಶುದ್ಧಿ ಆಯಿತು ಎಂದು ಪೂಜಾರಿ ಹೇಳಿದ ಮರುದಿನ ಶಾಲೆ ಕೂಡಿತು.

ಅವತ್ತು ಶೇವಂತಿ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು. ಒಗೆದ ಸೀರೆ ಉಟ್ಟಳು. ಊರ ನಡುವಿನಿಂದ ನಡೆದು ಬಂದಳು. ಬಯಲಿನಲ್ಲಿ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ ಒಳಗೆ ಹೋಗಿ ಕರಿಹಲಗೆಯ ಪಕ್ಕ ನಿಂತಳು. ಸೀಮೆಸುಣ್ಣ ಎತ್ತಿಕೊಂಡಳು.

ಮಲಕಾಜಪ್ಪ ಧೋತರ ಎತ್ತಿಕೊಂಡು ಹೊರಗೆ ಓಡಿದ. ಹೊರಗಿನಿಂದ ಯಾರೋ ಮಕ್ಕಳ ಹೆಸರು ಹಿಡಿದು ಕೂಗಿದರು. ಮಕ್ಕಳು ಪಾಟಿ, ಚೀಲ ಎತ್ತಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಹೋದರು. ಮಾಯವ್ವ ಹೋಗಲಿಲ್ಲ. ಕಂಬಕ್ಕೆ ಆತು ಕೂತಿದ್ದಳು. ಶೇವಂತಿ ಅವಳ ಎದುರು ನೆಲದ ಮೇಲೆ ಕೂತಳು. ಪಾಟಿ ತಗೋ ಎಂದಳು. ಕೂಸಿನ ಕೈ ಹಿಡಿದು ಒಂದು ಅಕ್ಷರ ಬರೆಸಿದಳು. ಆ ಕೈ ಇಷ್ಟು ಸಣ್ಣದು ಎಂದು ಅವಳಿಗೆ ಅವತ್ತೇ ತಿಳಿದದ್ದು.

ಎರಡನೆಯ ಅಕ್ಷರ ಬರೆಸುವಷ್ಟರಲ್ಲಿ ಹಾಲಸಿದ್ದಪ್ಪ ಬಂದ. ಅವನು ಕುರುಬ, ಅವನಿಗೆ ಗುಡಿಯೊಳಗೆ ಬರಲು ಅಡ್ಡಿ ಇರಲಿಲ್ಲ. ಬಂದು ಮಗಳನ್ನು ಎತ್ತಿಕೊಂಡ. ಮಾಯವ್ವ ಕಂಬ ಹಿಡಿದುಕೊಂಡಳು. ಅವನು ಒಂದೊಂದೇ ಬೆರಳು ಬಿಡಿಸಿದ. ಬಿಡಿಸುವಾಗ ಅವನು ಅಳುತ್ತಿದ್ದ.

"ತಪ್ಪ ತಿಳೀಬ್ಯಾಡ್ರಿ ಅಕ್ಕೋರ. ಇವರ ಹೊಲದಾಗ ಕುರಿ ನಿಲ್ಲಸಬೇಕು ನಾ. ಇಲ್ಲಂದ್ರ ಎಲ್ಲಿಗೆ ಹೋಗ್ಲಿ?"

ಶೇವಂತಿ ಒಬ್ಬಳೇ ಉಳಿದಳು. ಹೊರಗೆ ಗೌಡ ಬಂದು ನಿಂತ. ಹೊಲತಿ ಒಳಗಿದ್ದಾಗ ಅವನು ಒಳಗೆ ಬರುವಂತಿರಲಿಲ್ಲ. ಬಿಸಿಲಿನಲ್ಲಿ ನಿಂತು ಕೂಗಿದ.

"ಹೊರಗ ಬಾರಲೇ!"

"ಬರೂದಿಲ್ರಿ."

"ಎಳದ ಹಾಕಸ್ತೇನಿ!"

"ಎಳೀಬೇಕಂದ್ರ ಮುಟ್ಟಬೇಕಾಗತೈತಿ ನನ್ನ. ಯಾರ ಮುಟ್ಟತೀರಿ ಬರ್ರಿ."

ಯಾರೂ ಬರಲಿಲ್ಲ. ಕಲ್ಲು ಬಂದವು. ಒಂದು ಹಣೆಗೆ ಬಡಿಯಿತು. ರಕ್ತ ಒರೆಸಿಕೊಂಡು ಅವಳು ಹಲಗೆಯ ಮೇಲೆ ಪಾಠ ಬರೆದಳು. ಖಾಲಿ ಪಡಸಾಲೆಗೆ ಓದಿ ಹೇಳಿದಳು. ಶಾಲೆ ಬಿಡುವ ಹೊತ್ತಿಗೆ ಬಿಟ್ಟಳು. ಮರುದಿನ ಮತ್ತೆ ಬಂದಳು. ಅದರ ಮರುದಿನವೂ ಬಂದಳು.

ಕೊನೆಗೆ ಶಿಕ್ಷಣ ಇಲಾಖೆಯ ಸಾಹೇಬ ಬಾಳಾಸಾಹೇಬ ಸೈಕಲ್ಲಿನಲ್ಲಿ ಬಂದ. ವಯಸ್ಸಾದವನು, ಮೆತ್ತಗಿನ ಮಾತಿನವನು. ಗೌಡನ ಮನೆಯಲ್ಲಿ ಚಹ ಕುಡಿದು ಬಂದಿದ್ದ. ಒಳಗೆ ಬಂದು ಅವಳ ಹಣೆ ನೋಡಿ ಚ್ಚ ಚ್ಚ ಎಂದ.

"ಕಾಯ್ದೆ ನಿನ್ನ ಕಡೆ ಐತಿ. ಖರೆ. ನಾ ಇಲ್ಲ ಅನ್ನೂದಿಲ್ಲ. ಆದರ ಸಾಲಿ ಬಂದಾಗಿ ಕುಂತೈತಲ್ಲ? ನಿಮ್ಮವ್ವ ಹ್ವಾದ್ದು ನನಗೂ ಕೆಟ್ಟ ಅನಸತೈತಿ. ಹೊರಗ ಗೌಡ್ರು ನಿಂತಾರ. ತಪ್ಪಾತು ಅಂತ ಒಂದ ಮಾತ ಅಂದುಬಿಡು. ಅಷ್ಟಕ್ಕ ಮುಗಸ್ತಾರಂತ."

ಶೇವಂತಿ ಬಾಗಿಲಿಗೆ ಬಂದು ನಿಂತಳು. ಕೆಳಗೆ ಗೌಡ, ಮಲಕಾಜಪ್ಪ, ಊರು.

"ತಪ್ಪಾತ್ರಿ" ಎಂದಳು. ದನಿ ಒಡೆದಿತ್ತು, ಆದರೂ ಕಟ್ಟೆಯವರೆಗೆ ಮುಟ್ಟಿತು. ಅಷ್ಟು ದೂರ ಮುಟ್ಟಿಸುವುದನ್ನು ಅವರೇ ಕಲಿಸಿದ್ದರು. "ಮೊದಲನೇ ದಿನಾನ ಒಳಗ ಬರಬೇಕಾಗಿತ್ತು ನಾ. ಬರಲಿಲ್ಲ. ತಪ್ಪಾತು. ಬಂದಿದ್ರ ನಮ್ಮವ್ವ ಇರತಿದ್ಲು."

ಬಾಳಾಸಾಹೇಬ ಕಣ್ಣಿಗೆ ಹಾಕಿದ್ದ ಚಾಳೀಸು ತೆಗೆದು ಒರೆಸಿಕೊಂಡ. ಅವತ್ತೇ ಅವಳನ್ನು ಬನಹಟ್ಟಿಯ ಕಡೆಗೆ ವರ್ಗ ಮಾಡುವ ಮಾತಾಯಿತು. ಹರಿಜನರ ಮಕ್ಕಳ ಶಾಲೆಗೆ. ನಿನಗೂ ಅಲ್ಲೇ ಛಲೋ ಎಂದ.

ಊರಿಗೆ ಅವಳ ಮೇಲೆ ಕೈ ಮಾಡಲಾಗಲಿಲ್ಲ. ಕೇರಿಯ ಮೇಲೆ ಮಾಡಿತು. ಯಾರನ್ನೂ ಹೊಲದ ಕೆಲಸಕ್ಕೆ ಕರೆಯಲಿಲ್ಲ. ಹೊಳೆಗೆ ಇಳಿಯುವ ದಾರಿಗೆ ಮುಳ್ಳು ಹಚ್ಚಿದರು. ಮಕ್ಕಳು ಅತ್ತವು. ಕೊನೆಗೆ ಕೇರಿಯವರೆಲ್ಲ ಚಾವಡಿಗೆ ಹೋಗಿ ಅವಳ ಪರವಾಗಿ ನೆಲಕ್ಕೆ ಮೂಗು ತಿಕ್ಕಿ, ತಪ್ಪಾಯಿತು ಎಂದು ಬಂದರು. ಯಲ್ಲವ್ವನೂ ತಿಕ್ಕಿದಳು. ಬಂದು ಒಲೆಯ ಮುಂದೆ ಕೂತಳು. ಮೂಗಿನ ತುದಿ ತರಚಿತ್ತು. ಶೇವಂತಿ ಎಣ್ಣೆ ಹಿಡಿದು ಹತ್ತಿರ ಹೋದರೆ ಮುಖ ತಿರುಗಿಸಿದಳು.

ಹೊರಡುವ ದಿನ ಬೆಳಗ್ಗೆ ಕೇರಿಯ ಯಾರೂ ಹೊರಗೆ ಬರಲಿಲ್ಲ. ಶೇವಂತಿ ಟ್ರಂಕು ಎತ್ತಲು ಬಾಗಿದಳು. ಯಲ್ಲವ್ವ ಬಂದು ಅದನ್ನು ಕಸಿದುಕೊಂಡು ತಲೆಯ ಮೇಲಿಟ್ಟುಕೊಂಡಳು. ಗಲಗಲಿಯವರೆಗೆ ಇಬ್ಬರೂ ಹಿಂದೆ ಮುಂದೆ ನಡೆದರು. ಮೋಟಾರು ನಿಲ್ಲುವ ಜಾಲಿಗಿಡದ ಕೆಳಗೆ ಯಲ್ಲವ್ವ ಟ್ರಂಕು ಇಳಿಸಿದಳು.

"ನಿನ್ನ ಮ್ಯಾಲ ಸಿಟ್ಟೈತಿ ನನಗ" ಎಂದಳು. "ನೀ ಹೋಗ್ತಿ. ನಾವ ಇಲ್ಲೇ ಇರಬೇಕು."

"ಗೊತ್ತೈತಿ ಯಕ್ಕಾ."

"ಏನೂ ಗೊತ್ತಿಲ್ಲ ನಿನಗ."

ಯಲ್ಲವ್ವ ಟ್ರಂಕಿನ ಪಕ್ಕ ನೆಲದ ಮೇಲೆ ಕೂತಳು. ರಸ್ತೆಯ ಕಡೆ ನೋಡುತ್ತ ಹೇಳಿದಳು.

"ನನಗೊಂದ ಕೂಸಿತ್ತು. ಹೆಣ್ಣು. ಜೋಳಾ ಕೊಯ್ಯೂವಾಗ ಗೌಡನ ಹೊಲದಾಗ ಗಿಡಕ್ಕ ಜೋಳಗಿ ಕಟ್ಟಿ ಮಲಗಿಸಿದ್ನಿ. ಬಿಸಲ ಹೊಡೀತು. ನಾಲಿಗಿ ಹೊರಗ ಬಂದಿತ್ತು. ಎದಿಯಾಗ ಹಾಲಿರಲಿಲ್ಲ. ಬಾಂವಿ ಅಲ್ಲೇ ಇತ್ತು, ಎದರಿಗೆ. ಇಳ್ಯಾಕ ಪಾವಟಿಗಿ ಇದ್ದೂವು. ಯಾರೂ ಕಾಯಾಕತ್ತಿರಲಿಲ್ಲ. ಯಾರೂ ಬ್ಯಾಡ ಅನ್ನಲಿಲ್ಲ."

ಶೇವಂತಿ ಅವಳ ಪಕ್ಕ ಕೂತಳು.

"ನಾ ಇಳೀಲಿಲ್ಲ" ಎಂದಳು ಯಲ್ಲವ್ವ.

ದೂರದಲ್ಲಿ ಧೂಳು ಎದ್ದಿತು. ಮೋಟಾರು ಬಂತು. ನಿಂತಿತು. ಕಂಡಕ್ಟರ ತಲೆ ಹೊರಗೆ ಹಾಕಿ, ಬರುವವರು ಯಾರು ಎಂದು ಕೂಗಿದ. ಹಾರ್ನ್ ಹೊಡೆದರು. ಮತ್ತೊಮ್ಮೆ ಹೊಡೆದರು. ಆಮೇಲೆ ಮೋಟಾರು ಹೋಯಿತು.

ಅವರಿಬ್ಬರೂ ಏಳಲಿಲ್ಲ.